ಮಳೆಗಾಲದ ಬಿಡುವಿನಾಟ

ಮೂಡಿಗೆರೆಯ ಆಷಾಢದ ಮಳೆಯಲ್ಲಿ ತೋಟದ ಕೆಲಸ ಮುಗಿದು, ದೀಪ ಹಚ್ಚಿದ ಮೇಲೆ ದೊರೆಯುವ ವಿರಾಮವನ್ನು ವಿಡಿಯೋ ಗೇಮಿಗೆ ಮೀಸಲಿಡುವುದು ನನಗೆ ಬಹುಕಾಲದಿಂದ ಪ್ರಿಯವಾದ ಹವ್ಯಾಸ. ಸ್ಪರ್ಧೆಯ ಹಂಬಲವಾಗಲಿ, ಆಟವನ್ನು ಕಡೆ ಮುಟ್ಟಿಸಲೇಬೇಕೆಂಬ ಹಟವಾಗಲಿ ಅದರಲ್ಲಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಂದಿಗೂ ನನ್ನನ್ನು ವಿಸ್ಮಯಗೊಳಿಸುತ್ತದೆ. ಗುಂಡಿಯನ್ನು ಒತ್ತಿ ಹಿಡಿದಂತೆ ಜಿಗಿತವೂ ಎತ್ತರವಾಗುವ ಆ ಸುಖ ಹಾಗಿರಲಿ; ಸುಮಾರು 40 ಕಿಲೋಬೈಟುಗಳಲ್ಲಿ 32 ಹಂತಗಳ ಲೋಕವನ್ನೇ ಅಡಗಿಸಬೇಕಾಗಿದ್ದ ನಿರ್ಮಾತೃಗಳು, ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನು ಬಳಸಿ ಬಣ್ಣವನ್ನು ಮಾತ್ರ ಬದಲಿಸಿದುದನ್ನು ಒಮ್ಮೆ ಗಮನಿಸಿದವನು, ಆ ಮಿತವ್ಯಯದ ಸೊಬಗಿಗೆ ತಲೆದೂಗದೆ ಇರಲಾರನು.

ಆದರೆ ಹಳೆಯದೇ ಶ್ರೇಷ್ಠವೆಂಬ ಮತ ನನ್ನದಲ್ಲ. ಎರಿಕ್ ಬರೋನ್ ಎಂಬ ಒಬ್ಬನೇ ತರುಣನು ನಾಲ್ಕು ವರ್ಷಗಳಿಗೂ ಮಿಕ್ಕಿ ಶ್ರಮಿಸಿ, ಚಿತ್ರ, ಸಂಗೀತ, ಕಥೆಗಳೆಲ್ಲವನ್ನೂ ತಾನೇ ರಚಿಸಿ 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದಲ್ಲಿ ಕಾಫಿಯನ್ನೂ ಬೆಳೆಯಬಹುದು: ಬಿತ್ತಿದ ಹತ್ತು ದಿನಗಳಲ್ಲಿ ಗಿಡ ಫಲಕ್ಕೆ ಬರುತ್ತದೆ, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು! ನೆಟ್ಟ ಗಿಡದ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ, ಮಾರ್ಚ್–ಏಪ್ರಿಲಿನ ಹೂಮಳೆ ಬಾರದಿದ್ದರೆ ವರ್ಷದ ಗತಿಯೇನೆಂದು ಮುಗಿಲನ್ನು ದಿಟ್ಟಿಸುವ ನಮ್ಮ ಸೀಮೆಯವರಿಗೆ ಈ ಔದಾರ್ಯವು ಎಷ್ಟು ಹಿತಕರವೆಂಬುದನ್ನು ಬೇರೆಯವರಿಗೆ ತಿಳಿಸುವುದು ಕಷ್ಟ. ಅಲ್ಲಿ ಕಾಂಡಕೊರಕದ ಕಾಟವಿಲ್ಲ, ಕೊಳೆರೋಗದ ಭಯವಿಲ್ಲ. ಕಾಗೆಗಳಿಗಾಗಿ ಒಂದು ಬೆದರುಬೊಂಬೆಯನ್ನು ನಿಲ್ಲಿಸಿದರೆ ಸಾಕು.