ಕೋಲ್ ಸಾಹೇಬರ ಭಾನುವಾರಗಳು

14,75,73,95,25,89,67,64,12,927. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು ಹದಿನಾಲ್ಕೂ ಮುಕ್ಕಾಲು ಲಕ್ಷ ಕೋಟಿ ಕೋಟಿ. ಇಷ್ಟು ದೊಡ್ಡ ಮೊತ್ತ ನಮ್ಮ ಹಗರಣಗಳಲ್ಲೂ ಇನ್ನೂ ಕೇಳಿಬಂದಿಲ್ಲ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ. ಇದರ ಮೇಲೆ ನನಗೊಂದು ಮಮತೆಯಿದೆ. ಇನ್ನೂರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತನಗೆ ಸಲ್ಲದ ಮರ್ಯಾದೆಯನ್ನು ಅದು ತೆಪ್ಪಗೆ ಅನುಭವಿಸಿತು.

ಮರ್ಯಾದೆ ಕೊಡಿಸಿದವರು ಪ್ಯಾರಿಸ್ಸಿನ ಸನ್ಯಾಸಿ ಮೆರ್ಸೆನ್. ಇಂಥ ಸಂಖ್ಯೆಗಳಲ್ಲಿ ಯಾವುವು ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನ ಹೊರತು ಬೇರೆ ಯಾವುದಕ್ಕೂ ಜಗ್ಗದವು ಎಂದು 1644ರಲ್ಲಿ ಅವರೊಂದು ಪಟ್ಟಿ ಕೊಟ್ಟರು. ಅದರಲ್ಲಿ 67 ಇತ್ತು. ಇರಬೇಕಾಗಿದ್ದ 61 ಇರಲಿಲ್ಲ. ಅದೇ 67 ಎಂದು ಅಚ್ಚಾಗಿರಬಹುದೆಂದು ಆಮೇಲೆ ಕೆಲವರು ಊಹಿಸಿದರು. ನನಗೂ ಆ ಊಹೆಯೇ ಇಷ್ಟ. ಮುದ್ರಾರಾಕ್ಷಸನ ಕೃಪೆಯಿಂದ ಪ್ರಶಸ್ತಿಯ ಪಟ್ಟಿ ಸೇರಿದವರು ನಮ್ಮಲ್ಲೂ ಇದ್ದಾರು!

1876ರಲ್ಲಿ ಫ್ರಾನ್ಸಿನವರೇ ಆದ ಲ್ಯೂಕಾ ಮರ್ಯಾದೆ ಕಳೆದರು. ಈ ಸಂಖ್ಯೆ ಒಡೆಯುತ್ತದೆ ಎಂದು ಸಾಧಿಸಿದರು. ಯಾವುದರಿಂದ ಒಡೆಯುತ್ತದೆ ಎನ್ನುವುದು ಮಾತ್ರ ಅವರ ಪರೀಕ್ಷೆಯಿಂದ ಗೊತ್ತಾಗುವಂತಿರಲಿಲ್ಲ. ಜಾತಕದಲ್ಲಿ ದೋಷವಿದೆ ಎಂದಷ್ಟೇ ಹೇಳಿ ಎಲೆ ಅಡಿಕೆ ಹಾಕಿಕೊಳ್ಳುವ ಜೋಯಿಸರ ಹಾಗೆ.

ಆ ದೋಷವನ್ನು ಹುಡುಕಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರಾಂಕ್ ನೆಲ್ಸನ್ ಕೋಲ್. ಕಂಡ ಕಂಡ ಸಂಖ್ಯೆಯಿಂದ ಭಾಗಿಸಿ ನೋಡುತ್ತ ಕೂತರೆ ಜನ್ಮ ಸಾಲದು. 134ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಒಂದು ಕೂಡಿಸಿದರೆ ಸಿಗುವಂಥವು ಮಾತ್ರ ಇದನ್ನು ಭಾಗಿಸಬಲ್ಲವು ಎಂಬ ಸುಳಿವೊಂದಿತ್ತು. ದೊಡ್ಡ ಸುಳಿವೇನೂ ಅಲ್ಲ. ಉತ್ತರ ಆ ಮಗ್ಗಿಯ 14,45,580ನೇ ಸಾಲಿನಲ್ಲಿತ್ತು! ನಾವು ಇಪ್ಪತ್ತರ ಮಗ್ಗಿಗೇ ಕಿವಿ ಹಿಂಡಿಸಿಕೊಂಡವರು. ಕೋಲ್ ಇನ್ನೂ ಹಲವು ಉಪಾಯ ಹೂಡಿ ಆ ಸಾಲುಗಳನ್ನು ತೆಳ್ಳಗೆ ಮಾಡಿಕೊಂಡರು. ಎಷ್ಟು ಸಮಯ ಹಿಡಿಯಿತು ಎಂದು ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಎಂದರಂತೆ. ಗಣಿತಜ್ಞ ಇ. ಟಿ. ಬೆಲ್ ಹೇಳುವ ಕತೆ ಇದು. ಕೋಲ್ ಅವರ ಮನೆಯಲ್ಲಿ ಏನಂದರೋ! ನಮ್ಮ ಮನೆಯಲ್ಲಾಗಿದ್ದರೆ, “ರೀ, ಭಾನುವಾರವೂ ಅದೇ ಲೆಕ್ಕವೇ? ಆ ಫ್ಯಾನ್ ಒರೆಸಿ ಅಂತ ಎಷ್ಟು ಸಲ ಬಡ್ಕೋಬೇಕು?”

1903ರ ಅಕ್ಟೋಬರ್ 31ರಂದು ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಕೋಲ್ ಸೀದಾ ಬೋರ್ಡಿನ ಹತ್ತಿರ ಹೋದರಂತೆ. ಒಂದು ಕಡೆ 67 ಎರಡುಗಳ ಲೆಕ್ಕ ಮಾಡಿ ಒಂದನ್ನು ಕಳೆದರು. ಇನ್ನೊಂದು ಕಡೆ 19,37,07,721 ಎಂದು ಬರೆದು 7,61,83,82,57,287ರಿಂದ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ. ತುಟಿ ಎರಡು ಮಾಡದೆ ಬಂದು ಕೂತರು. ಸಭೆ ಚಪ್ಪಾಳೆ ತಟ್ಟಿತು, ಪ್ರಶ್ನೆ ಯಾರೂ ಕೇಳಲಿಲ್ಲ. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ ನಡೆಯುವ ಸಭೆಗಳಲ್ಲಿ ಕೂತಾಗ ಈ ಪ್ರಸಂಗ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಈಗ ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅದರಿಂದ ನನಗೇನೂ ಬೇಜಾರಿಲ್ಲ, ಅದಕ್ಕೆ ಭಾನುವಾರವೂ ಇಲ್ಲ. ನನ್ನ ಯೋಚನೆಯೆಲ್ಲ ಬೇರೆ. ಆ ಅಕ್ಟೋಬರ್ 31 ಶನಿವಾರ. ಮರುದಿನ ಬೆಳಗ್ಗೆ ಕಾಫಿ ಕುಡಿದಾದ ಮೇಲೆ ಕೋಲ್ ಏನು ಮಾಡಿದರು? ನಾನಾಗಿದ್ದರೆ ಉತ್ತರ ಸಿಕ್ಕಿದ ಸುದ್ದಿಯನ್ನು ಮನೆಯಲ್ಲಿ ಇನ್ನೂ ಒಂದೆರಡು ವರ್ಷ ಹೇಳುತ್ತಲೇ ಇರಲಿಲ್ಲ.