65 ಡಾಲರಿನ ಎಂ.ಡಿ.

ನಮ್ಮ ಕಡೆ ಕ್ಲಿನಿಕ್ಕಿನ ಬೋರ್ಡಿನಲ್ಲಿ ಹೆಸರಿನ ಪಕ್ಕ 'ಡಿ.ಓ.' ಅಂತಿದ್ದರೆ ಕಣ್ಣಿನ ಡಾಕ್ಟ್ರು ಅಂತ ಅರ್ಥ. ನೇತ್ರಚಿಕಿತ್ಸೆಯ ಡಿಪ್ಲೊಮಾಗೆ ಇಲ್ಲಿ ಅವೇ ಎರಡು ಅಕ್ಷರ. ಅಮೆರಿಕದಲ್ಲಿ ಅದು ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ಔಷಧಿ ಬರೆಯೋದು, ಆಪರೇಷನ್ ಮಾಡೋದು, ಎಂ.ಡಿ.ಗಿರುವ ಎಲ್ಲ ಹಕ್ಕೂ ಅವರಿಗಿದೆ. ಆದರೂ ಅಕ್ಕನ ಮಗಳಿಗೆ ಅಲ್ಲಿ ಡಿ.ಓ. ಕಾಲೇಜಲ್ಲಿ ಸೀಟು ಸಿಕ್ಕಾಗ, ಫ್ಯಾಮಿಲಿ ಗ್ರೂಪಿನ ಅಭಿನಂದನೆಗಳ ನಡುವೆ ಚಿಕ್ಕಪ್ಪನ ಒಂದು ಮೆಸೇಜ್ ಬಂತು: "ಇದು ನಿಜವಾದ ಡಾಕ್ಟ್ರೇ ತಾನೇ?"

ಅಕ್ಕ ಮೂರು ದಿನ ಗ್ರೂಪಲ್ಲಿ ಉಸಿರೆತ್ತಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ, "ನೀನಾದ್ರೂ ಸರಿಯಾಗಿ ಓದಿ ಹೇಳೋ" ಅಂದಳು. ಓದಿದೆ. ಚಿಕ್ಕಪ್ಪನ ಪ್ರಶ್ನೆಯನ್ನೇ ಅಮೆರಿಕ ಬಹಳ ವರ್ಷ ಕೇಳಿತ್ತು ಅಂತ ಗೊತ್ತಾಯಿತು.

ಕಥೆ ಶುರುವಾಗೋದು ಒಬ್ಬ ಅಪ್ಪನ ಸಂಕಟದಿಂದ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನೋ ವೈದ್ಯ 1864ರಲ್ಲಿ ಮೆನಿಂಜೈಟಿಸ್‌ಗೆ ಮೂರು ಮಕ್ಕಳನ್ನು ಕಳಕೊಂಡ. ಆ ಕಾಲದ ಔಷಧಿ ಅಂದರೆ ಪಾದರಸ, ಅಫೀಮು, ಮದ್ಯ. ಅವುಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತೆ ಅನ್ನೋ ತನ್ನ ಸಿದ್ಧಾಂತವನ್ನು 1874ರಲ್ಲಿ ಮುಂದಿಟ್ಟ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆರೆದ. 1896ರಲ್ಲಿ ವರ್ಮಾಂಟ್ ರಾಜ್ಯ ಮೊದಲ ಬಾರಿಗೆ ಲೈಸೆನ್ಸಿಗೆ ಕಾನೂನು ಮಾಡಿತು.

ಎಂ.ಡಿ.ಗಳ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮಾತ್ರ ಇದನ್ನು 'ಕಲ್ಟ್' ಅಂತ ಕರೆಯಿತು. ಡಿ.ಓ.ಗಳ ಜೊತೆ ಸೇರಿ ಕೆಲಸ ಮಾಡೋದೇ ನೀತಿಬಾಹಿರ ಅಂತ ತನ್ನ ಸದಸ್ಯರಿಗೆ ಹೇಳಿತು. ಎರಡನೇ ಮಹಾಯುದ್ಧದಲ್ಲಿ ಸೇನೆಯೂ ಇವರನ್ನು ವೈದ್ಯರಾಗಿ ಸೇರಿಸಿಕೊಳ್ಳಲಿಲ್ಲ. ಆದರೆ ಎಂ.ಡಿ.ಗಳು ಯುದ್ಧಕ್ಕೆ ಹೋದಾಗ ಊರಲ್ಲಿ ಉಳಿದ ಜನರನ್ನು ನೋಡಿಕೊಂಡವರಲ್ಲಿ ಈ ಡಿ.ಓ.ಗಳೂ ಇದ್ದರು. ಅಷ್ಟರಲ್ಲಿ ಅವರ ಕಾಲೇಜುಗಳೂ ಬದಲಾಗಿ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲ ಸಿಲಬಸ್ಸಿಗೆ ಬಂದಿದ್ದವು.

ನನ್ನನ್ನು ತಡೆದು ನಿಲ್ಲಿಸಿದ್ದು ಕ್ಯಾಲಿಫೋರ್ನಿಯಾದ ಕಥೆ. 1960ರ ದಶಕದ ಶುರುವಿನಲ್ಲಿ ಅಲ್ಲಿನ ಎರಡೂ ವೈದ್ಯ ಸಂಘಗಳು ಒಂದಾದವು. ಡಿ.ಓ.ಗಳಿಗೆ ಹೇಳಿದ್ದಿಷ್ಟೇ: ಒಂದು ಚಿಕ್ಕ ಸೆಮಿನಾರಿನಲ್ಲಿ ಕೂರಿ, 65 ಡಾಲರ್ ಕಟ್ಟಿ, ಎಂ.ಡಿ. ಆಗಿ. ಸುಮಾರು 2,000 ಜನ ಹಾಗೇ ಆದರು. ಅದೇ ಡಾಕ್ಟ್ರು, ಅದೇ ರೋಗಿಗಳು, ಅದೇ ಕೈಗುಣ. ಆದರೆ 1962ರಲ್ಲಿ ಮತದಾನದ ಮೂಲಕ ಹೊಸ ಡಿ.ಓ.ಗಳಿಗೆ ಲೈಸೆನ್ಸ್ ಕೊಡೋದು ನಿಂತಿತು. ಮತ್ತೆ ಕೊಡಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 1974ರಲ್ಲಿ.

ಡಿ.ಓ.ಗಳನ್ನು ಮುಗಿಸೋಕೆ ಮಾಡಿದ ಆ ಒಪ್ಪಂದವೇ ಅವರಿಗೆ ಸರ್ಟಿಫಿಕೇಟ್ ಆಯಿತು ಅಂತ ನನಗನ್ನಿಸುತ್ತೆ. 65 ಡಾಲರಿಗೆ ಅಳಿಸಿಹೋಗುವ ವ್ಯತ್ಯಾಸ ವ್ಯತ್ಯಾಸವೇ ಅಲ್ಲವಲ್ಲ! 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಸೇನೆಯ ಬಾಗಿಲು ತೆರೆದರು. 1969ರಲ್ಲಿ ಎಂ.ಡಿ.ಗಳ ಸಂಘವೂ ಸದಸ್ಯತ್ವಕ್ಕೆ ಒಪ್ಪಿತು. 2020ರಿಂದ ಇಬ್ಬರ ರೆಸಿಡೆನ್ಸಿಗೂ ಒಂದೇ ಮಾನ್ಯತಾ ವ್ಯವಸ್ಥೆ.

ಹಾಗಂತ ಚಿಕ್ಕಪ್ಪನ ಪ್ರಶ್ನೆ ಪೂರ್ತಿ ದಡ್ಡತನವೂ ಅಲ್ಲ. ಬ್ರಿಟನ್ನಿನಲ್ಲಿ ಆಸ್ಟಿಯೋಪತ್ ಅಂದರೆ ಬೇರೆಯದೇ ವೃತ್ತಿ. 1993ರ ಕಾಯ್ದೆ ಅವರನ್ನು ನಿಯಂತ್ರಿಸುತ್ತೆ, ಆದರೆ ಅವರು ಔಷಧಿ ಬರೆಯುವ ಡಾಕ್ಟ್ರಲ್ಲ. ಅಮೆರಿಕದಲ್ಲಿ ಮನ್ನಣೆ ಸಿಕ್ಕಿದ್ದು ಕೂಡ ಸ್ಟಿಲ್‌ನ ಮೂಳೆ ಸಿದ್ಧಾಂತ ಗೆದ್ದಿದ್ದಕ್ಕಲ್ಲ. ಅವನ ಶಿಷ್ಯರು ಔಷಧಿ, ಆಪರೇಷನ್, ಆಸ್ಪತ್ರೆಯ ತರಬೇತಿ ಎಲ್ಲವನ್ನೂ ಕಲಿತಿದ್ದಕ್ಕೆ.

ಇದನ್ನೆಲ್ಲ ಹೇಳಿದಾಗ ಹುಡುಗಿ ನಕ್ಕಳು. "ಮಾಮ, ಪೇಷೆಂಟ್ಸ್ ಕೇಳಿದ್ರೆ ಒಂದ್ಸಲ ಹೇಳಿ ಮುಗಿಸ್ಬಹುದು. ಮನೆಯವರಿಗೆ ಪ್ರತಿ ಮದುವೇಲೂ ಹೇಳ್ಬೇಕಲ್ಲ" ಅಂದಳು. ಆಗಸ್ಟಿನಲ್ಲಿ ಕಾಲೇಜು ಸೇರಿದಳು.

ಇಂಜಿನಿಯರಿಂಗ್ ಕಾಲೇಜಿನ ಹೆಸರು ನೋಡಿ ರೆಸ್ಯೂಮೆ ಪಕ್ಕಕ್ಕಿಡುವ ಆಫೀಸುಗಳಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಬೇರೆ ಉದಾಹರಣೆ ಬೇಕಿಲ್ಲ. ಅಕ್ಷರ ನೋಡೋದು ಸುಲಭ, ಏನು ಕಲಿತಿದ್ದಾರೆ ಅಂತ ಕೇಳೋದಕ್ಕೆ ಸ್ವಲ್ಪ ಹೊತ್ತು ಬೇಕು. ಅಮೆರಿಕಕ್ಕೆ ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು.