ಕಡಲ ನಡುವಣ ದೀವಿಗೆ

ಇಟಲಿ ದೇಶದ ಸಿಸಿಲಿಯ ಉತ್ತರಕ್ಕೆ, ನೀಲಿ ಕಡಲಿನ ನಡುವೆ ಸ್ಟ್ರೋಂಬೋಲಿ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 12 ಚದರ ಕಿಲೋಮೀಟರ್. ಎತ್ತರ ಸುಮಾರು 920 ಮೀಟರ್. ಕಣ್ಣಿಗೆ ತೋರುವುದು ಜ್ವಾಲಾಮುಖಿಯ ಶಿಖರ ಮಾತ್ರ. ಪರ್ವತದ ಬಹುಭಾಗ ನೀರಿನೊಳಗೆ ಅಡಗಿದೆ.

ಸಂಜೆಯಾಗುತ್ತಲೇ ಪ್ರವಾಸಿಗರನ್ನು ಹೊತ್ತ ದೋಣಿಗಳು ದ್ವೀಪದ ಪ್ರದಕ್ಷಿಣೆಗೆ ಹೊರಡುತ್ತವೆ. ಕಪ್ಪು ಮರಳಿನ ತೀರವೂ ಬಿಳಿಯ ಮನೆಗಳೂ ಹಿಂದೆ ಸರಿಯುತ್ತವೆ. ನೈರುತ್ಯದಲ್ಲಿ ಜಿನೋಸ್ತ್ರ ಎಂಬ ಸಣ್ಣ ಹಳ್ಳಿ ಕಾಣಿಸುತ್ತದೆ. ದ್ವೀಪದ ದೊಡ್ಡ ಊರಿನಿಂದ ಅಲ್ಲಿಗೆ ವಾಹನ ಹೋಗುವ ರಸ್ತೆಯಿಲ್ಲ. ಅಕ್ಕಿಬೇಳೆಯಿಂದ ಔಷಧದವರೆಗೆ ಎಲ್ಲವೂ ದೋಣಿಯಲ್ಲಿಯೇ ಬರಬೇಕು. ಕಡಲು ಮುನಿದರೆ ಹಳ್ಳಿಯ ಬಾಗಿಲು ಮುಚ್ಚಿದಂತೆಯೇ ಸರಿ.

ವಾಯವ್ಯದ ಮಗ್ಗುಲಿಗೆ ಬಂದಾಗ ಹಸುರು ಮಾಯವಾಗುತ್ತದೆ. ಶಿಖರದಿಂದ ಕಡಲಿನವರೆಗೆ ಬೂದಿ ಬಣ್ಣದ ಕಡಿದಾದ ಇಳಿಜಾರು. ಇದೇ 'ಷಾರಾ ದೆಲ್ ಫುವೋಕೋ', ಬೆಂಕಿ ಹರಿಯುವ ದಾರಿ. ದೂರದಲ್ಲಿಯೇ ಅಂಬಿಗನು ಯಂತ್ರವನ್ನು ನಿಲ್ಲಿಸುತ್ತಾನೆ. ಸೂರ್ಯ ಮುಳುಗಿ ಕತ್ತಲು ಕವಿಯುತ್ತದೆ. ಎಲ್ಲರೂ ಮೌನವಾಗಿ ಮೇಲೆ ನೋಡುತ್ತಾರೆ. ಒಮ್ಮೆಲೇ ಕೆಂಡದ ಕಾರಂಜಿ ಚಿಮ್ಮುತ್ತದೆ. ಸ್ವಲ್ಪ ತಡೆದು ಗುಡುಗಿನಂತಹ ಸದ್ದು ಕೇಳಿಬರುತ್ತದೆ. ಕಾದ ಕಲ್ಲುಗಳು ಉರುಳುತ್ತ ನೀರಿನತ್ತ ಇಳಿಯುತ್ತವೆ. ಕರಗಿದ ಶಿಲಾರಸದಲ್ಲಿ ಅನಿಲದ ದೊಡ್ಡ ಗುಳ್ಳೆಗಳು ಮೇಲೇರಿ ಒಡೆಯುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಗಂಟೆಗೆ ಹಲವು ಬಾರಿ ಹೀಗಾಗುತ್ತದೆ. ಆದುದರಿಂದಲೇ ನಾವಿಕರು ಇದನ್ನು 'ಮೆಡಿಟರೇನಿಯನ್ನಿನ ದೀಪಸ್ತಂಭ' ಎಂದು ಕರೆದರು.

ಆದರೆ ದಾರಿ ತೋರುವ ಬೆಂಕಿ ಮನೆಯನ್ನೂ ಸುಡಬಲ್ಲದು. 1930ರ ಸ್ಫೋಟದಲ್ಲಿ ಕೆಲವರು ಪ್ರಾಣ ತೆತ್ತರು. ಆ ಬಳಿಕ ಅನೇಕ ಕುಟುಂಬಗಳು ಹುಟ್ಟೂರನ್ನು ತೊರೆದು ದೂರದ ಆಸ್ಟ್ರೇಲಿಯ, ಅಮೆರಿಕಗಳಿಗೆ ವಲಸೆ ಹೋದವು. 2002ರ ಡಿಸೆಂಬರ್ 30ರಂದು ಇದೇ ಇಳಿಜಾರು ಕುಸಿದು ಕಡಲಿಗೆ ಬಿದ್ದಿತು. ಎದ್ದ ಅಲೆಗಳು ದಡದ ಮನೆಗಳಿಗೆ ನುಗ್ಗಿದವು. ಚಳಿಗಾಲವಾದ್ದರಿಂದ ತೀರದಲ್ಲಿ ಜನ ವಿರಳವಾಗಿದ್ದರು; ಯಾರೂ ಸಾಯಲಿಲ್ಲ. ದ್ವೀಪವನ್ನು ಬಿಟ್ಟು ಹೋದವರಲ್ಲಿ ಬಹುಮಂದಿ ಮರಳಿ ಬಂದರು. ಈಗ ಉಪಕರಣಗಳು ಹಗಲಿರುಳು ಬೆಟ್ಟವನ್ನೂ ಕಡಲನ್ನೂ ಕಾಯುತ್ತವೆ. ಅಪಾಯ ಒದಗಿದರೆ ಸೈರನ್ನು ಮೊಳಗುತ್ತದೆ.

ದೋಣಿಯು ಸ್ಟ್ರೋಂಬೋಲಿಕ್ಕಿಯೋ ಎಂಬ ಒಂಟಿ ಬಂಡೆಯನ್ನು ಬಳಸಿ ದಡದತ್ತ ತಿರುಗುತ್ತದೆ. ಆ ಬಂಡೆಯ ನೆತ್ತಿಯ ಮೇಲೆ ಮನುಷ್ಯ ಕಟ್ಟಿದ ದೀಪಸ್ತಂಭ ಮಿನುಗುತ್ತಿರುತ್ತದೆ. ಪ್ರವಾಸಿಗರು ಮರುದಿನ ತಮ್ಮ ಊರುಗಳಿಗೆ ತೆರಳುತ್ತಾರೆ. ಅಂಬಿಗನು ದೋಣಿಯನ್ನು ದಡಕ್ಕೆ ಕಟ್ಟಿ, ಅದೇ ಬೆಟ್ಟದ ಬುಡದಲ್ಲಿರುವ ತನ್ನ ಮನೆಗೆ ನಡೆಯುತ್ತಾನೆ.